ಅಪ್ಪನಿಗೊಂದು, ಮೆಷಿನ್ನಿಗೊಂದು

ಕೆಳಗೆ ಪ್ರೆಸ್ಸು, ಮೇಲೆ ಮನೆ. ಹಾಗಾಗಿ ಆ ಮನೆಯಲ್ಲಿ ಊಟಕ್ಕೆ ಕೂತರೆ ಉಪ್ಪು ಕಡಿಮೆಯೋ ಖಾರ ಹೆಚ್ಚೋ ಅನ್ನುವುದಕ್ಕಿಂತ ಮೊದಲು ಹಳದಿ ಜಾಸ್ತಿಯಾಯಿತು ಅನ್ನುವ ಮಾತು ಬರುತ್ತಿತ್ತು.

“ಅಳಿಯಂದ್ರೇ, ಇವತ್ತೂ ಅದೇ ಕಥೆ,” ಅಂದರು ಅಪ್ಪ, ರೊಟ್ಟಿ ಮುರಿಯುತ್ತಾ. “ಪ್ರೂಫಿನಲ್ಲಿ ನಾನು ಒಪ್ಪಿದ್ದೇ ಒಂದು, ಮೆಷಿನ್ನಲ್ಲಿ ನೀವು ತೆಗೆದಿದ್ದೇ ಇನ್ನೊಂದು. ಏನಾಗಿದೆ ನಿಮ್ಮ ಕೈಗೆ?”

“ನೋಡ್ತೀನಿ ಮಾವ.”

“ಎರಡು ವರ್ಷದಿಂದ ನೋಡ್ತಾನೇ ಇದ್ದೀರಿ. ಪುಣ್ಯಕ್ಕೆ ಗಿರಾಕಿಗಳಿಗೂ ಕಣ್ಣಿಲ್ಲ, ಖುಷಿಯಾಗಿ ತಗೊಂಡು ಹೋಗ್ತಾರೆ.”

ಬೈಯುವಾಗಲೂ ಅಪ್ಪ ಅಳಿಯನಿಗೆ ಬಹುವಚನ ತಪ್ಪಿಸುವವರಲ್ಲ. ಅದೇ ಇನ್ನಷ್ಟು ಚುಚ್ಚುತ್ತಿತ್ತು. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಎತ್ತುವುದು ಹೇಗೆ? ಗಂಡನ ಕೈ ಸರಿಯಾಗಿಯೇ ಇತ್ತು, ಮೆಷಿನ್ನೂ ಸರಿಯಾಗಿತ್ತು. ಅದು ಅವಳಿಗೂ ಗೊತ್ತು, ಗಂಡನಿಗೂ ಗೊತ್ತು. ಗೊತ್ತಿಲ್ಲದವರು ಅಪ್ಪ ಒಬ್ಬರೇ.

ಒಂದು ಕಾಲದಲ್ಲಿ ಇಡೀ ಪೇಟೆಯಲ್ಲಿ ಅಪ್ಪನ ಕಣ್ಣಿಗೆ ಹೆಸರಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪು ಒಂದು ಕೂದಲಷ್ಟು ಇಳಿಸು ಅಂದರೆ ಮುಗಿಯಿತು, ಇಳಿಸಿದ ಮೇಲೆ ಚಿತ್ರದಲ್ಲಿನ ಸೇಬು ಬಾಯಲ್ಲಿ ನೀರೂರಿಸುತ್ತಿತ್ತು. ಬೇರೆ ಪ್ರೆಸ್ಸಿನವರೂ ಹಾಳೆ ಸುತ್ತಿಕೊಂಡು ತೋರಿಸಲು ಬರುತ್ತಿದ್ದರು. ಅಂಥ ಒಂದು ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಿದ್ದ ಹುಡುಗನ ಕೈ ನೋಡಿಯೇ ಅಪ್ಪ ಮಗಳನ್ನು ಕೊಟ್ಟದ್ದು. ಜಾತಕ ಯಾಕೆ, ಅವನು ಶಾಯಿ ಹದ ಮಾಡೋದನ್ನು ನೋಡಿ ಸಾಕು ಅಂದಿದ್ದರು ಆಗ. ಈಗ ಅದೇ ಕೈ ಕೆಟ್ಟಿದೆ ಅನ್ನುತ್ತಿದ್ದರು, ಅದೂ ದಿನಾ, ಅನ್ನದ ಮುಂದೆ ಕೂತು.

ಎಲ್ಲ ಶುರುವಾಗಿದ್ದು ಒಂದು ಸೋಪಿನ ಹೊದಿಕೆಯಿಂದ. ಹೊದಿಕೆಯ ಮೇಲೊಂದು ನಗುವ ಮಗು. ಅಪ್ಪ ಕಿಟಕಿಯ ಹತ್ತಿರ ನಿಂತು ಹಳದಿ ಇಳಿಸಿ, ಇನ್ನೂ ಇಳಿಸಿ ಅಂದರು. ಅಳಿಯ ಇಳಿಸಿದ. ಅಚ್ಚಾದ ಹಾಳೆಗಳನ್ನು ಸೋಪಿನವನು ಗಾಡಿಯಲ್ಲಿ ವಾಪಸ್ ತಂದು ಬಾಗಿಲಲ್ಲಿ ಸುರಿದ. ಮಗು ತುಟಿಯಿಂದ ಕಿವಿಯವರೆಗೆ ನೀಲಿಗಟ್ಟಿತ್ತು.

“ಮಗೂಗೆ ಸ್ನಾನ ಮಾಡಿಸ್ರೀ ಅಂದ್ರೆ ಮುಳುಗಿಸಿಬಿಟ್ಟಿದ್ದೀರಲ್ರೀ,” ಅಂದ ಅವನು.

ಅಪ್ಪ ಜಗ್ಗಲಿಲ್ಲ. ಸೋಪಿನವನಿಗೆ ಕಣ್ಣಿಲ್ಲ ಅಂದರು. ಅದೇ ದಿನಗಳಲ್ಲಿ ಅಮ್ಮನಿಗೆ ಪೊರೆಯ ಆಪರೇಷನ್ ಆಯಿತು, ಮೊದಲು ಒಂದು ಕಣ್ಣಿಗೆ. ಪಟ್ಟಿ ಬಿಚ್ಚಿದ ಮೇಲೆ ಅಮ್ಮ ಮಕ್ಕಳಾಟದ ಹಾಗೆ ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡುತ್ತಾ ಕೂತಳು.

“ಹೊಸ ಕಣ್ಣಲ್ಲಿ ಗೋಡೆ ಹಾಲಿನ ಥರ ಇದೆ ಕಣೇ. ಹಳೇ ಕಣ್ಣಲ್ಲಿ ನೋಡಿದ್ರೆ ಟೀ ಥರ,” ಅಂದಳು.

“ಡಾಕ್ಟರು ನಿನ್ನ ಕಣ್ಣನ್ನ ನೀಲಿ ಹಾಕಿ ಒಗೆದಿದ್ದಾನೆ,” ಅಂದು ಅಪ್ಪ ನಕ್ಕರು.

ಮಗಳು ನಗಲಿಲ್ಲ. ಅವಳಿಗೆ ಆ ಕ್ಷಣವೇ ಹೊಳೆಯಿತು. ಅಪ್ಪನ ಎರಡೂ ಕಣ್ಣಲ್ಲಿ ಟೀ ತುಂಬಿಕೊಂಡಿದೆ. ಎಲ್ಲದರ ಮೇಲೂ ಹಳದಿ ಬಳಿದು ತೋರಿಸುವುದು ಅಪ್ಪನ ಕಣ್ಣೇ, ಹಾಳೆಯಲ್ಲ. ಅವಳು ಮೆಲ್ಲಗೆ ಕಣ್ಣಿನ ಡಾಕ್ಟರ ಮಾತೆತ್ತಿದಳು. ಅಪ್ಪ ಮನೆ ಹಾರಿಹೋಗುವ ಹಾಗೆ ಕೂಗಾಡಿದರು. “ಈ ಮನೆಗೆ ಅನ್ನ ಹಾಕ್ತಿರೋದು ಈ ಕಣ್ಣು. ಅದರ ತಂಟೆಗೆ ಯಾರೂ ಬರಕೂಡದು.” ಆಮೇಲೆ ವಾರಗಟ್ಟಲೆ ಯಾರ ಜೊತೆಗೂ ಮಾತಿಲ್ಲ. ಮೂರು ಹೊತ್ತೂ ತಟ್ಟೆಯನ್ನು ಕೋಣೆಗೇ ತರಿಸಿಕೊಂಡರು.

ಆಗ ಮಗಳು ಒಂದು ಉಪಾಯ ಮಾಡಿದಳು. ಗಿರಾಕಿಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಚ್ಚಿಗೆ ಸಿದ್ಧಮಾಡುವುದು ಅವಳ ಕೆಲಸ ತಾನೇ? ಪ್ರತಿ ಕೆಲಸಕ್ಕೂ ಎರಡು ಫೈಲು ಮಾಡತೊಡಗಿದಳು. ಒಂದರಲ್ಲಿ ಬಣ್ಣ ಇರಬೇಕಾದ ಹಾಗೆ, ಇನ್ನೊಂದರಲ್ಲಿ ಹಳದಿ ಇಳಿಸಿ, ಅಪ್ಪನ ಕಣ್ಣಿಗೆ ಹಿತವಾಗುವ ಹಾಗೆ. ಆ ಎರಡನೆಯದಕ್ಕೆ ‘ಅಪ್ಪನ ಪ್ರತಿ’ ಅಂತಲೇ ಹೆಸರು. ಸಣ್ಣ ಪ್ರಿಂಟರಿನಲ್ಲಿ ಅದರ ಮಾದರಿ ಹಾಳೆ, ಅಂದರೆ ಪ್ರೂಫು, ತೆಗೆದು ಅಪ್ಪನ ಮುಂದಿಟ್ಟರೆ “ಭೇಷ್” ಅಂತ ಸಹಿ ಬೀಳುತ್ತಿತ್ತು. ಮೆಷಿನ್ನಿಗೆ ಹಾಕುವ ಅಚ್ಚಿನ ಪ್ಲೇಟು ಮಾಡಿಸಲು ಮಾತ್ರ ಮೊದಲನೆಯ ಫೈಲು ಹೋಗುತ್ತಿತ್ತು. ಗಿರಾಕಿ ಖುಷಿ, ಅಪ್ಪನ ಸಹಿಯ ಮರ್ಯಾದೆಯೂ ಉಳಿಯಿತು. ಒಪ್ಪಿದ ಪ್ರೂಫಿನ ಹಾಗೆ ಮೆಷಿನ್ ಹಾಳೆ ಬರುವುದಿಲ್ಲವಲ್ಲ, ಆ ಬೈಗುಳವೆಲ್ಲ ಗಂಡನ ಪಾಲಿಗೆ ಹೋಯಿತು. ಮೊದಮೊದಲು ಅವನು ನಗುತ್ತಿದ್ದ. “ಇವತ್ತು ನಿಮ್ಮಪ್ಪನಿಗೆ ಬೇರೆ ಅಡುಗೆ ಮಾಡಿದ್ಯಾ?” ಅಂತ ಕಣ್ಣು ಹೊಡೆಯುತ್ತಿದ್ದ. ಎಷ್ಟು ದಿನ ನಕ್ಕಾನು?

ಹೀಗಿರುವಾಗ ಮಕ್ಕಳ ಪುಸ್ತಕದ ಕೆಲಸ ಬಂತು. ತಂದವಳು ಅದರ ಚಿತ್ರಗಾರ್ತಿ, ಮೊದಲ ಪುಸ್ತಕ ಅವಳದು. ಒಬ್ಬ ಕಂದು ಮೈಯ ಹುಡುಗಿ, ಅವಳ ಹಿಂದೆ ಬಿದ್ದಿರುವ ಕಿತ್ತಳೆ ಬಣ್ಣದ ಕೋಳಿ, ಪುಟಪುಟಕ್ಕೂ ಹಸಿರು ಗುಡ್ಡ. ಪರದೆಯ ಮೇಲೆ ಆ ಹಸಿರು ದೀಪ ಹಚ್ಚಿದ ಹಾಗೆ ಉರಿಯುತ್ತಿತ್ತು.

“ಇದೇ ಹಸಿರು ಬೇಕು. ಇದರಲ್ಲಿ ಒಂದು ಚೂರೂ ಕಡಿಮೆಯಾಗಬಾರದು,” ಅಂದಳು ಚಿತ್ರಗಾರ್ತಿ.

“ಇದು ಕಾಗದದ ಮೇಲೆ ಬರಲ್ಲ,” ಅಂದಳು ಮಗಳು, ಮುಲಾಜಿಲ್ಲದೆ. “ಪರದೆ ಬೆಳಕು ಬಿಟ್ಟು ಬಣ್ಣ ತೋರಿಸುತ್ತೆ. ನಮ್ಮ ಹತ್ರ ಇರೋದು ನಾಲ್ಕು ಶಾಯಿ. ನೀಲಿ, ಕೆಂಪು, ಹಳದಿ, ಕಪ್ಪು. ಅದರಲ್ಲಿ ಎಷ್ಟು ಆಗುತ್ತೋ ಅಷ್ಟು ಜೀವ ತುಂಬ್ತೀನಿ. ಆಗದೇ ಇರೋದನ್ನ ಆಗುತ್ತೆ ಅಂತ ಹೇಳಿ ಆಮೇಲೆ ನಿಮ್ಮ ಕೈಲಿ ಬೈಸಿಕೊಳ್ಳಲ್ಲ.”

ಚಿತ್ರಗಾರ್ತಿಯ ಮುಖ ಸಪ್ಪಗಾಯಿತು. ಆದರೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ದಿನಾ ಬಂದಳು. ಗುಡ್ಡದ ಹಸಿರಿನಲ್ಲಿದ್ದ ಚೂರುಪಾರು ಕೆಂಪನ್ನು ಮಗಳು ತೆಗೆದುಹಾಕಿದಾಗ ಹಸಿರಿಗೆ ಉಸಿರು ಬಂತು. ಅಕ್ಷರಗಳೆಲ್ಲ ಬರೀ ಕಪ್ಪು ಶಾಯಿಯಲ್ಲೇ ಬರುವ ಹಾಗೆ ಮಾಡಿದಳು, ಇಲ್ಲದಿದ್ದರೆ ನಾಲ್ಕೂ ಶಾಯಿ ಒಂದರ ಮೇಲೊಂದು ಕೂರದೆ ಅಕ್ಷರ ನಡುಗಿದ ಹಾಗೆ ಕಾಣುತ್ತದೆ. ಅಂಚು ಕತ್ತರಿಸುವಾಗ ಬಿಳಿ ಗೆರೆ ಇಣುಕದಿರಲೆಂದು ಗುಡ್ಡವನ್ನು ಪುಟದ ಆಚೆಗೂ ಸ್ವಲ್ಪ ಚಾಚಿದಳು. ಕೋಳಿಯ ಒಂದು ಗರಿಗಾಗಿ ಇಬ್ಬರೂ ಜಗಳವಾಡಿ, ಟೀ ಕುಡಿದು, ಮತ್ತೆ ಕೂತರು. ಪ್ರೆಸ್ಸಿಗೆ ಬಂದ ಇಷ್ಟು ವರ್ಷದಲ್ಲಿ ಇಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಅವಳಿಗೆ ಇನ್ನೊಂದಿರಲಿಲ್ಲ.

ಅತ್ತ ಊಟದ ಮೇಜಿನ ಮೇಲೆ ಮಾತು ಸಿಡಿಯಿತು. ಔಷಧಿ ಡಬ್ಬಿಯೊಂದರ ಕೆಲಸಕ್ಕೆ ಅಪ್ಪ ಮತ್ತೆ ಕೈಯ ಮಾತು ತೆಗೆದಿದ್ದರು. ಗಂಡ ತಟ್ಟೆ ದೂಡಿದ.

“ಮಾವ, ಪಕ್ಕದ ಊರಿನ ಪ್ರೆಸ್ಸಿನಿಂದ ಕರೀತಿದ್ದಾರೆ. ಒಂದನೇ ತಾರೀಖಿಗೆ ಬರ್ತೀನಿ ಅಂತ ಹೇಳ್ತಿದ್ದೀನಿ.”

ಅಪ್ಪ ನೀರು ಕುಡಿದರು.

“ಹೇಳಿ. ಅಲ್ಲಿ ಹಳದಿ ಇಷ್ಟಪಡೋರು ಇರಬಹುದು.”

“ರೀ, ಸುಮ್ನಿರ್ತೀರಾ?” ಅಮ್ಮ ಅಪ್ಪನ ಮೇಲೆ ರೇಗಿದಳು. “ಬಾಯಿಗೆ ಬಂದಿದ್ದು ಆಡೋದು. ಮೊಮ್ಮಗಳು ಊಟ ಮಾಡ್ತಿದ್ದಾಳೆ ಇಲ್ಲಿ.”

ಮಗಳು ಕೈ ತೊಳೆಯದೆಯೇ ಗಂಡನ ಹಿಂದೆ ಮೆಟ್ಟಿಲಿಳಿದಳು.

“ನಿಜವಾಗ್ಲೂ ಹೋಗ್ತೀರಾ?”

“ಹೋಗ್ತೀನಿ. ನೀನೂ ಪುಟ್ಟಿನೂ ಬಂದ್ರೆ ಸಂತೋಷ. ಬರದಿದ್ರೆ ವಾರಕ್ಕೊಂದು ಸಲ ನಾನೇ ಬರ್ತೀನಿ.” ಅವನು ಕೂಗಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. “ನಿಮ್ಮಪ್ಪನ ಮರ್ಯಾದೆ ಕಾಪಾಡಿದ್ದು ನೀನು. ಅದಕ್ಕೆ ಮರ್ಯಾದೆ ಕಳ್ಕೊಂಡಿದ್ದು ನಾನು. ಅವರಿಗೆ ನಿಜ ಹೇಳಿಬಿಡು, ಇರ್ತೀನಿ.”

“ಈ ಪುಸ್ತಕ ಒಂದು ಮುಗೀಲಿ. ಹೇಳ್ತೀನಿ.”

“ಸೋಪಿನ ಕಾಲದಿಂದ ಒಂದಲ್ಲ ಒಂದು ಮುಗೀಲಿ ಅಂತಾನೇ ಇದ್ದೀಯ.”

ಅದು ಸುಳ್ಳಲ್ಲ. ಅವಳು ಮೇಲೆ ಬಂದು ಕೈ ತೊಳೆದಳು.

ಪ್ಲೇಟು ಮಾಡಿಸುವ ಹಿಂದಿನ ದಿನ ಚಿತ್ರಗಾರ್ತಿ ಒಂದು ಪುಟದಲ್ಲಿ ಕೋಳಿಯ ಜಾಗ ಬದಲಾಯಿಸಿದಳು. ಅಪ್ಪನ ಸಹಿಗೆ ಅವಸರ ಇದ್ದುದರಿಂದ ಮಗಳು ಮೊದಲು ಅಪ್ಪನ ಪ್ರತಿಯನ್ನು ತಿದ್ದಿ ಪ್ರೂಫು ತೆಗೆದಳು. ಸಹಿ ಬಿತ್ತು. ಇನ್ನೊಂದನ್ನು ತಿದ್ದಬೇಕು ಅನ್ನುವಷ್ಟರಲ್ಲಿ ಶಾಲೆಯಿಂದ ಪುಟ್ಟಿಗೆ ಜ್ವರ ಅಂತ ಫೋನು ಬಂತು. ಮಗುವನ್ನು ಕರೆತಂದು, ಡಾಕ್ಟರಿಗೆ ತೋರಿಸಿ, ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತವಳಿಗೆ ಫೈಲಿನ ನೆನಪೇ ಹೋಯಿತು. ಮರುದಿನ ಗಂಡ ಕಂಪ್ಯೂಟರ್ ತೆಗೆದು ನೋಡಿದ. ಕೋಳಿ ಹೊಸ ಜಾಗದಲ್ಲಿದ್ದದ್ದು ಒಂದೇ ಫೈಲಿನಲ್ಲಿ. ಅವಸರದಲ್ಲಿ ಹೆಸರು ನೋಡದೆ ಅದನ್ನೇ ಪ್ಲೇಟಿನ ಅಂಗಡಿಗೆ ಕೊಟ್ಟು ಬಂದ.

ಅಚ್ಚಿನ ದಿನ ಅವಳು ಮೇಲೆ ಪುಟ್ಟಿಗೆ ಗಂಜಿ ಕುಡಿಸುತ್ತಿದ್ದಳು. ಕೆಳಗೆ ಮೆಷಿನ್ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಅಪ್ಪನ ಕೂಗಾಟ ಇನ್ನೇನು ಬರಬೇಕು ಅಂತ ಕಿವಿಗೊಟ್ಟಳು. ಬರಲಿಲ್ಲ. ಮೆಷಿನ್ ಒಂದೇ ಸಮನೆ ಓಡುತ್ತಲೇ ಇತ್ತು.

ಮಧ್ಯಾಹ್ನ ಅಪ್ಪ ಶಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತಿ ಬಂದರು. ತಾವೇ ಬಾಣಲೆಯಿಂದ ಮೊಟ್ಟೆ ತೆಗೆದು ಅಳಿಯನ ತಟ್ಟೆಗೆ ಹಾಕಿದರು.

“ಇವತ್ತು ನಮ್ಮ ಅಳಿಯಂದ್ರ ಹಳೇ ಕೈ ವಾಪಸ್ ಬಂತು ಕಣಮ್ಮಾ. ಪ್ರೂಫು ಹೇಗೋ ಹಾಳೆನೂ ಹಾಗೇ. ಒಂದು ಮಾತು ಆಡೋ ಹಾಗಿಲ್ಲ. ತಿನ್ನಿ ಅಳಿಯಂದ್ರೇ, ಇನ್ನೊಂದು ಹಾಕ್ಲಾ?”

ಗಂಡ ಮೊಟ್ಟೆಯನ್ನು ನೋಡುತ್ತಾ ಕೂತಿದ್ದ. ಮುಟ್ಟಲೂ ಇಲ್ಲ. ಪ್ರೂಫಿನ ಹಾಗೇ ಹಾಳೆ ಬಂತು ಅಂದರೆ ಏನರ್ಥ ಅಂತ ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೆಳಗೆ ಹೋಗಿ ನೋಡಿದಳು. ಸೊಂಟದೆತ್ತರ ಹಾಳೆಗಳ ರಾಶಿ. ಹುಡುಗಿಯ ಕಂದು ಮೈ ಹಿಮದಲ್ಲಿ ನಿಲ್ಲಿಸಿದ ಹಾಗೆ ನೇರಳೆಗಟ್ಟಿತ್ತು. ಕೋಳಿ ಗುಲಾಬಿ. ಅಷ್ಟು ದಿನ ಕೂತು ಜೀವ ತುಂಬಿದ ಗುಡ್ಡ ನೀಲಿ ತಿರುಗಿ ಸತ್ತುಬಿದ್ದಿತ್ತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ಕಾಣಲಿಲ್ವಾ ನಿಮಗೆ?” ಅಂದಳು, ಹಿಂದೆ ಬಂದು ನಿಂತ ಗಂಡನಿಗೆ.

“ಮೊದಲ ಹಾಳೆಲೇ ಕಾಣ್ತು.”

“ಮತ್ತೆ ಯಾಕೆ ಓಡಿಸಿದ್ರಿ?”

ಅವನು ಬಟ್ಟೆಯಲ್ಲಿ ಕೈ ಒರೆಸಿದ, ಮತ್ತೆ ಒರೆಸಿದ. “ನಿಲ್ಲಿಸಿದ್ದೆ. ಫೈಲು ಅದಲುಬದಲಾಗಿದೆ ಅಂತ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನಿಮ್ಮಪ್ಪ ಹಾಳೆ ನೋಡಿ ನನ್ನ ಬೆನ್ನು ತಟ್ಟಿದ್ರು. ಇದೇ ಕೈ ನೋಡಿ ಮಗಳನ್ನ ಕೊಟ್ಟಿದ್ದು ಅಂದ್ರು. ಆಮೇಲೆ ಬಾಯಿ ಬರಲಿಲ್ಲ. ಓಡಿಸಿ ಅಂದ್ರು, ಓಡಿಸಿದೆ.”

ಅವಳು ರಾಶಿಯ ಮೇಲೆ ಕೈಯಿಟ್ಟು ನಿಂತಳು. ಹಾಳಾದದ್ದು ಇವನ ಕೈಯಿಂದಲ್ಲ, ಅಪ್ಪನ ಕಣ್ಣಿನಿಂದಲೂ ಅಲ್ಲ. ಒಂದು ಕೆಲಸಕ್ಕೆ ಎರಡು ಫೈಲು ಮಾಡಿದವಳು ತಾನು.

“ಸಾಕು,” ಅಂದಳು. “ಇನ್ನು ಮೇಲೆ ಒಂದು ಕೆಲಸಕ್ಕೆ ಒಂದೇ ಫೈಲು. ಯಾರು ಕೂಗಾಡ್ಲಿ, ಯಾರು ಮುನಿಸಿಕೊಳ್ಳಲಿ.”

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಮಗಳು ಸರಿಯಾದ ಫೈಲಿನದೊಂದು, ಅಪ್ಪನ ಪ್ರತಿಯದೊಂದು ಪ್ರೂಫು ಹಿಡಿದು ಹೋಗುವುದನ್ನು ಕಂಡು ನಲ್ಲಿ ನಿಲ್ಲಿಸಿದಳು.

“ಹೇಳ್ತೀಯಾ?”

“ನಿನಗೆ ಗೊತ್ತಿತ್ತಾ?”

“ನನಗೆ ಕಣ್ಣು ಕಾಣುತ್ತಮ್ಮಾ,” ಅಂದಳು ಅಮ್ಮ. “ಹೋಗು, ಹೇಳು. ಅವರೇನಾದ್ರೂ ಎದ್ದು ಹೊರಟ್ರೆ ಬಾಗಿಲಲ್ಲಿ ನಾನಿರ್ತೀನಿ.”

ಅಪ್ಪ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮಗಳು ಎರಡೂ ಪ್ರೂಫನ್ನು ಪಕ್ಕಪಕ್ಕದಲ್ಲಿ ಹರಡಿದಳು. “ಇದರಲ್ಲಿ ಯಾವುದು ಸರಿ ಅಪ್ಪಾ?”

“ಇದು,” ಅಂದರು ಅಪ್ಪ, ನೇರಳೆ ಹುಡುಗಿಯ ಮೇಲೆ ಬೆರಳಿಟ್ಟು. “ಅದು ಅರಿಶಿನ ಮೆತ್ತಿದ ಹಾಗಿದೆ. ಯಾರು ಮಾಡಿದ್ದು?”

“ಎರಡೂ ನಾನೇ ಮಾಡಿದ್ದು. ನಿಮಗೆ ಒಂದು, ಮೆಷಿನ್ನಿಗೆ ಒಂದು. ಸೋಪಿನ ಕೆಲಸ ವಾಪಸ್ ಬಂದಾಗಿನಿಂದ ಹೀಗೇ ಮಾಡ್ತಿದ್ದೀನಿ. ನೀವು ಸಹಿ ಹಾಕಿದ್ದು ಯಾವತ್ತೂ ಅಚ್ಚಾಗಿಲ್ಲ. ಇವತ್ತು ಒಂದು ಸಲ ತಪ್ಪಿ ಅಚ್ಚಾಯ್ತು, ಇಡೀ ಪುಸ್ತಕ ಹಾಳಾಯ್ತು. ಇವರ ಕೈ ಯಾವತ್ತೂ ಕೆಟ್ಟಿರಲಿಲ್ಲ ಅಪ್ಪಾ. ನಿಮ್ಮ ಕಣ್ಣಿಗೆ ಪೊರೆ ಬಂದಿದೆ.”

ಅಪ್ಪ ಒಂದು ಹಾಳೆಯಿಂದ ಇನ್ನೊಂದಕ್ಕೆ ಕಣ್ಣು ಹೊರಳಿಸಿದರು. ಕೂಗುತ್ತಾರೆ ಅಂತ ಅವಳು ಕಾದಳು. ಅವರು ಕೂಗಲಿಲ್ಲ.

“ಯಾರ್ಯಾರಿಗೆ ಗೊತ್ತು?”

“ಮನೆಯಲ್ಲಿ ಎಲ್ಲರಿಗೂ. ಪ್ಲೇಟಿನ ಅಂಗಡಿಯವನಿಗೂ.”

“ಅಂದ್ರೆ ಪೇಟೆಗೆಲ್ಲ.” ಅಪ್ಪ ಹಾಳೆಗಳನ್ನು ಬದಿಗೆ ಸರಿಸಿದರು. “ನನ್ನ ಮುಂದೆ ಆಟದ ಸಾಮಾನು ಇಟ್ಟು ಕೂರಿಸಿದ್ದೀರಿ. ನಾನು ಸಹಿ ಹಾಕ್ತಾ ಕೂತಿದ್ದೆ, ಪೆದ್ದನ ಹಾಗೆ.”

“ನಿಮಗೆ ಸುಳ್ಳು ಹೇಳಿದ್ದು ನನ್ನ ತಪ್ಪು. ಅದಕ್ಕೆ ಎಷ್ಟು ಬೈದ್ರೂ ಬೈಸಿಕೊಳ್ತೀನಿ. ಪೊರೆ ಬಂದಿದ್ದು ನಿಮ್ಮ ತಪ್ಪಲ್ಲ. ಆದ್ರೆ ಎರಡು ವರ್ಷ ಇವರನ್ನ ಬೈದಿದ್ರಲ್ಲ, ಅದು ನಮ್ಮಿಬ್ಬರ ತಪ್ಪೂ ಹೌದು.”

“ಹೋಗು ಇಲ್ಲಿಂದ.”

ಅವಳು ಹೋದಳು. ಸಂಜೆಯೇ ಚಿತ್ರಗಾರ್ತಿಯ ಮನೆಗೆ ಹೋಗಿ ಹಾಳಾದ ಹಾಳೆಯನ್ನು ಅವಳ ಕೈಗೇ ಕೊಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಚಿತ್ರಗಾರ್ತಿ ಬೇರೆ ಪ್ರೆಸ್ಸಿಗೆ ಕೊಡುತ್ತೇನೆ ಅಂದಳು. “ಕೊಡಿ, ಬೇಡ ಅನ್ನಲ್ಲ. ಆದ್ರೆ ಆ ಗುಡ್ಡದ ಹಸಿರನ್ನ ಇನ್ನೊಬ್ಬರಿಗೆ ಮೊದಲಿಂದ ಕಲಿಸಬೇಕು ನೀವು,” ಅಂದಳು ಮಗಳು. ಚಿತ್ರಗಾರ್ತಿ ಆ ಹಾಳೆಯನ್ನು ಮಡಚಿಟ್ಟು, ಈ ಸಲ ಮೊದಲ ಹಾಳೆ ಬರುವಾಗ ತಾನೂ ಅಲ್ಲೇ ಇರುತ್ತೇನೆ ಅಂದಳು. ಅಷ್ಟು ಸಾಕಾಯಿತು.

ಮನೆಗೆ ಹೊಸ ಬೀರು ತರುವ ಮಾತು ಮುಂದಕ್ಕೆ ಹೋಯಿತು, ಆ ದುಡ್ಡಿಗೆ ಕಾಗದ ಬಂತು. ಮಗಳು ಅಪ್ಪನ ಪ್ರತಿಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದಳು. ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ನೋಡಿದಳು, ಪ್ರೂಫು ತೆಗೆದಳು, ಸಹಿಯ ಜಾಗದಲ್ಲಿ ತನ್ನ ಹೆಸರು ಬರೆದಳು. ಗಂಡ ಕೆಲಸ ಮಾಡಿದ, ಆದರೆ ಒಂದನೇ ತಾರೀಖಿನ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಅವಳು ಕೇಳಲೂ ಇಲ್ಲ. ಅವನ ಅಂಗಿಗಳನ್ನು ಇಸ್ತ್ರಿ ಮಾಡಿಟ್ಟಳು, ಹೋಗುವುದಾದರೆ ಸುಕ್ಕಾದದ್ದನ್ನು ಹಾಕಿಕೊಂಡು ಹೋಗುವುದು ಬೇಡ ಅಂತ.

ಅಪ್ಪ ಕೆಳಗೆ ಇಳಿಯಲೇ ಇಲ್ಲ. ತಟ್ಟೆ ಮತ್ತೆ ಕೋಣೆಗೆ ಹೋಗತೊಡಗಿತು. ಒಂದು ಬೆಳಿಗ್ಗೆ ಮಗಳು ಬಾಗಿಲಾಚೆ ಬಟ್ಟೆ ಮಡಚುತ್ತಿದ್ದಾಗ ಒಳಗಿನ ಮಾತು ಕೇಳಿಸಿತು.

“ಈ ಗೋಡೆ ಯಾವ ಬಣ್ಣನೇ?”

“ಬಿಳಿ.”

“ನನಗೂ ಬಿಳಿನೇ ಕಾಣುತ್ತೆ.”

“ನನಗೂ ಆಗ ಬಿಳಿನೇ ಕಾಣ್ತಿತ್ತು ರೀ. ಒಂದು ಕಣ್ಣು ಸರಿಯಾದ ಮೇಲೆ ತಾನೇ ಇನ್ನೊಂದರ ಹಣೆಬರಹ ಗೊತ್ತಾಗಿದ್ದು?”

ಮಧ್ಯಾಹ್ನ ಅಪ್ಪ ಅಂಗಿ ಹಾಕಿಕೊಂಡು, ಅಮ್ಮನನ್ನು ಕರೆದುಕೊಂಡು ಎಲ್ಲಿಗೋ ಹೋದರು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ, ಅಮ್ಮನೂ ಬಾಯಿ ಬಿಡಲಿಲ್ಲ.

ಅಚ್ಚಿನ ದಿನ ಬೆಳಿಗ್ಗೆ ಚಿತ್ರಗಾರ್ತಿ ಎಲ್ಲರಿಗಿಂತ ಮೊದಲೇ ಬಂದು ಸ್ಟೂಲಿನ ಮೇಲೆ ಕೂತಳು. ಗಂಡ ಶಾಯಿ ಹದ ಮಾಡಿ ಒಂದಷ್ಟು ಹಾಳೆ ಬಿಟ್ಟ. ನಿಲ್ಲಿಸಿದ. ಮಗಳು ಒಂದು ಹಾಳೆ ಎಳೆದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅಪ್ಪ.

ಯಾರನ್ನೂ ನೋಡದೆ ಬಂದು ಅವಳ ಕೈಯಿಂದ ಹಾಳೆ ತೆಗೆದುಕೊಂಡರು. ಕಿಟಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು. ಗಂಡನ ಕೈ ಮೆಷಿನ್ನಿನ ಮೇಲೆ ಹಾಗೇ ನಿಂತಿತ್ತು. ಒಂದು ಮಾತು ಬರಲಿ, ಈ ಸಲ ನಾನೂ ಬಿಡುವುದಿಲ್ಲ ಅಂತ ಮಗಳು ಸೆರಗು ಬಿಗಿದುಕೊಂಡಳು.

“ನನ್ನ ಕಣ್ಣಿಗೆ ಇದು ಹಳದಿ,” ಅಂದರು ಅಪ್ಪ. “ಹುಡುಗಿ ಹಳದಿ, ಗುಡ್ಡ ಹಳದಿ, ಎಲ್ಲ ಹಳದಿ.”

ಚಿತ್ರಗಾರ್ತಿ ಗಾಬರಿಯಿಂದ ಎದ್ದು ನಿಂತಳು.

“ಅಂದ್ರೆ ಸರಿಯಾಗಿದೆ ಅಂತಾಯ್ತು,” ಅಂದು ಅಪ್ಪ ಹಾಳೆಯನ್ನು ಅವಳ ಕೈಗೆ ಕೊಟ್ಟರು. “ನೋಡಮ್ಮಾ, ನಿನ್ನ ಕಣ್ಣು ಎಳೇದು. ಬಣ್ಣ ನಮ್ಮ ಮಗಳದು, ಕೈ ನಮ್ಮ ಅಳಿಯಂದ್ರದು. ಎರಡೂ ಚೆನ್ನಾಗಿರಬೇಕು.”

ಚಿತ್ರಗಾರ್ತಿ ಹಾಳೆಯ ಮೇಲೆ ಬಗ್ಗಿದಳು. ಹುಡುಗಿ ಕಂದು ಬಣ್ಣದಲ್ಲೇ ಇದ್ದಳು, ಕೋಳಿ ಕಿತ್ತಳೆಯಾಗಿತ್ತು. ಗುಡ್ಡವನ್ನು ನೋಡಿ ಅವಳು ಹೌದೆಂದು ತಲೆಯಾಡಿಸಿದಳು.

ಅಪ್ಪ ಮೆಷಿನ್ನಿನ ಹತ್ತಿರ ಹೋದರು. ಅಳಿಯನ ಮುಖ ನೋಡಲಾಗದೆ ಶಾಯಿಯ ಡಬ್ಬಿಗಳನ್ನು ನೋಡುತ್ತಾ ನಿಂತರು.

“ಒಂದನೇ ತಾರೀಖು ಕಣ್ಣಿಗೆ ಆಪರೇಷನ್ ಅಂತ ಬರೆದುಕೊಟ್ಟಿದ್ದಾರೆ,” ಅಂದರು. “ಪಟ್ಟಿ ಕಟ್ಟಿಸಿಕೊಂಡು ಒಬ್ಬನೇ ಬರೋಕಾಗಲ್ಲ, ಕೈ ಹಿಡಿದು ಕರ್ಕೊಂಡು ಬರಬೇಕಂತೆ. ಅವತ್ತು ನೀವು ಇಲ್ಲೇ ಇರ್ತೀರಾ?”

ಮಗಳು ಗಂಡನನ್ನೇ ನೋಡಿದಳು. ಅವನು ಡಬ್ಬಿಯ ಮುಚ್ಚಳ ಹಾಕಿದ.

“ಇರ್ತೀನಿ ಮಾವ,” ಅಂದ. “ಸ್ವಲ್ಪ ಈ ಕಡೆ ಬನ್ನಿ, ಮೆಷಿನ್ ಶುರು ಮಾಡ್ತೀನಿ.”